1977ರ ಟ್ರಯಂಫ್ ಸ್ಪಿಟ್‌ಫೈರ್: ಡ್ಯಾಶ್‌ಬೋರ್ಡಿನ ಮರದ ಪದರ ಏಳುತ್ತಿದೆ. ಹೊಸ ಹಲಗೆ ಹಾಕಲಾ, ಹಳೆಯದನ್ನೇ ಉಳಿಸಲಾ?

ಕವೆಂಟ್ರಿ_ಕಾಫಿ · ಮಾರ್ಚ್ 2

ಎಲ್ಲರಿಗೂ ನಮಸ್ಕಾರ. ಇಲ್ಲಿ ಆರ್‌ಎಕ್ಸ್ 100, ಮಾರುತಿ 800, ಜಿಪ್ಸಿ ಮಾತೇ ಜಾಸ್ತಿ ಅಂತ ಗೊತ್ತು. ಆದರೂ ಕನ್ನಡದಲ್ಲಿ ಕೇಳಿದರೆ ಬೈಗುಳ ಕೂಡ ಹಿತವಾಗಿರುತ್ತೆ ಅಂತ ಬಂದಿದ್ದೇನೆ.

ಹೋದ ವರ್ಷ 1977ರ ಸ್ಪಿಟ್‌ಫೈರ್ 1500 ಕಾರು ತೆಗೆದುಕೊಂಡೆ. ಎರಡೇ ಸೀಟು, ಬಟ್ಟೆಯ ಹುಡ್. ಇಂಗ್ಲೆಂಡಿನ ಕವೆಂಟ್ರಿಯಲ್ಲಿ ನಾನಿರುವ ಮನೆಯಿಂದ ಕೆನ್ಲಿ ಕೂಗಳತೆ ದೂರ. ಈ ಕಾರು ತಯಾರಾಗಿದ್ದು ಅಲ್ಲೇ. ಎಂಜಿನ್ ಚೆನ್ನಾಗಿದೆ, ಕೆಳಗಿನ ತುಕ್ಕನ್ನು ಹಿಂದಿನ ಯಜಮಾನರು ಸರಿ ಮಾಡಿಸಿದ್ದರು. ಕಣ್ಣಿಗೆ ಚುಚ್ಚುವುದು ಡ್ಯಾಶ್‌ಬೋರ್ಡ್ ಮಾತ್ರ.

ಇದರ ಡ್ಯಾಶ್ ಪ್ಲೈವುಡ್ ಹಲಗೆ. ಮೇಲೆ ವಾಲ್‌ನಟ್ ವೆನೀರ್, ಅಂದರೆ ತೆಳು ಮರದ ಪದರ, ಅದರ ಮೇಲೆ ಹೊಳಪಿನ ಲ್ಯಾಕರ್ ಲೇಪ. ಆ ಲ್ಯಾಕರ್ ಈಗ ಬೇಸಿಗೆಯ ಕೆರೆ ಅಂಗಳದ ಹಾಗೆ ಬಿರುಕು ಬಿಟ್ಟಿದೆ. ಎಡಗಡೆ ಅಂಚಲ್ಲಿ ವೆನೀರೇ ಎದ್ದು ಸುರುಳಿ ಸುತ್ತಿಕೊಳ್ಳುತ್ತಿದೆ. ಅದರ ಮೇಲಿರುವ ಕಪ್ಪು ವಿನೈಲ್ ಪ್ಯಾಡಿನಲ್ಲೂ ಒಂದು ಗೇಣುದ್ದ ಸೀಳು.

ಪ್ರಶ್ನೆ ಮೂರು. ಅಂಗಡಿಯಲ್ಲಿ ಸಿಗುವ ಹೊಸ ಹಲಗೆ ಹಾಕಲಾ? ಹಳೆಯದಕ್ಕೇ ಹೊಸ ವೆನೀರ್ ಅಂಟಿಸಲಾ? ಮೇಲಿನ ಪ್ಯಾಡಿಗೆ ಏನು ಮಾಡಲಿ? ನನಗೆ ಬಡಗಿ ಕೆಲಸ ಬರುವುದಿಲ್ಲ. ಐಕಿಯಾ ಮೇಜು ಜೋಡಿಸಿದ ಅನುಭವ ಇದೆ, ಅದರಲ್ಲೂ ಒಂದು ಕಾಲು ತಿರುವುಮುರುವು.

ಬೀಟೆ_ಬಡಗಿ · ಮಾರ್ಚ್ 2

ಸಾಗರದಿಂದ ನಮಸ್ಕಾರ. ಕಾರು ನನಗೆ ಗೊತ್ತಿಲ್ಲ. ಮರ ಗೊತ್ತು.

ಮೊದಲು ಇದು ಹೇಳಿ. ಎಡಗಡೆ ಅಂಚೇ ಯಾಕೆ ಎದ್ದಿತು? ಬಿಸಿಲಿಗೆ ಆಗಿದ್ದರೆ ಮೇಲ್ಭಾಗ ಪೂರ್ತಿ ಒಂದೇ ಥರ ಹಾಳಾಗಬೇಕಿತ್ತು. ಒಂದು ಮೂಲೆ ಮಾತ್ರ ಏಳುತ್ತಿದ್ದರೆ ಅಲ್ಲಿ ನೀರು ಬೀಳುತ್ತಿದೆ ಅಂತ ಅರ್ಥ. ಮುಂದಿನ ಗಾಜಿನ ರಬ್ಬರ್ ನೋಡಿ. ಸೋರುವ ಮನೆಗೆ ಸುಣ್ಣ ಹೊಡೆದ ಹಾಗೆ ಆಗಬಾರದು.

ಆಮೇಲೆ ಬೆರಳಿನ ಗೆಣ್ಣಿಂದ ಹಲಗೆ ಪೂರ್ತಿ ಮೆಲ್ಲಗೆ ತಟ್ಟುತ್ತಾ ಹೋಗಿ. ಗಟ್ಟಿ ಸದ್ದು ಬಂದರೆ ವೆನೀರ್ ಹಿಡಿದಿದೆ. ಟೊಳ್ಳು ಸದ್ದು ಬಂದ ಕಡೆ ಪೆನ್ಸಿಲ್ಲಿನಲ್ಲಿ ಗುರುತು ಹಾಕಿ. ಟೊಳ್ಳು ಬರೀ ಅಂಚಲ್ಲಿದ್ದರೆ ಅಷ್ಟಕ್ಕೇ ಅಂಟು ಹಾಕಿ ಒತ್ತಿ, ಲ್ಯಾಕರ್ ಮಾತ್ರ ಕೆರೆದು ಹೊಸದು ಹೊಡೆಯಬಹುದು. ಹಾಳಾಗಿರುವುದು ಲ್ಯಾಕರ್, ಮರ ಅಲ್ಲ. ಎಷ್ಟೋ ಜನ ಇಲ್ಲೇ ಎಡವುತ್ತಾರೆ. ಬಿರುಕು ಕಂಡ ಕೂಡಲೇ ಹಲಗೆ ಹೋಯಿತು ಅಂತ ಎಸೆಯುತ್ತಾರೆ.

ಪ್ಲೈವುಡ್ಡೇ ಪದರ ಪದರವಾಗಿ ಬಿಟ್ಟಿದ್ದರೆ ಮಾತ್ರ ಹೊಸ ಹಲಗೆ. ಅಂಚನ್ನು ಉಗುರಿಂದ ಒತ್ತಿ ನೋಡಿ. ಬ್ರೆಡ್ಡಿನ ಹಾಗೆ ಒಳಗೆ ಹೋದರೆ ಮುಗಿಯಿತು.

ಇನ್ನೊಂದು ವಿಷಯ. ವೆನೀರ್ ಅರ್ಧ ಮಿಲಿಮೀಟರಿಗಿಂತ ಸ್ವಲ್ಪ ಜಾಸ್ತಿ ದಪ್ಪ ಇದ್ದರೆ ಅದೇ ದೊಡ್ಡದು. ಮೆಷಿನ್ನಿಂದ ಉಜ್ಜಿದರೆ ಎರಡು ನಿಮಿಷದಲ್ಲಿ ಪ್ಲೈ ಕಾಣುತ್ತೆ. ಕೈಯಲ್ಲೇ ಉಜ್ಜಿ. ಅದೂ ಲ್ಯಾಕರನ್ನು ಹೀಟ್ ಗನ್ ಮತ್ತು ಸ್ಕ್ರೇಪರಿನಿಂದ ಎಬ್ಬಿಸಿದ ಮೇಲೆ.

ಲೂನಾ_ಲಕ್ಷ್ಮಿ · ಮಾರ್ಚ್ 3

ಲೆಸ್ಟರಿನಿಂದ. ನನ್ನದು ಎಂಜಿಬಿ ಕಾರು. ಡ್ಯಾಶ್ ಲೋಹದ್ದು, ಮೇಲೆ ಸುಕ್ಕು ಸುಕ್ಕಾದ ಕಪ್ಪು ಬಣ್ಣ. ನಿಮ್ಮ ಕಷ್ಟ ನನಗಿಲ್ಲ ಅಂತ ಹೊಟ್ಟೆ ಉರಿಸಲು ಬಂದೆ, ಅಷ್ಟೇ.

ತಮಾಷೆ ಬಿಡಿ. ಹೊಸ ಹಲಗೆ ಇಲ್ಲಿ ಸುಲಭವಾಗಿ ಸಿಗುತ್ತೆ, ಕೆಲವು ನೂರು ಪೌಂಡ್. ನನ್ನ ಗೆಳತಿ ಹಾಗೆ ತರಿಸಿದ ಹಲಗೆಯಲ್ಲಿ ಎರಡು ತೂತು ಅವಳ ಕಾರಿಗೆ ಹೊಂದಲಿಲ್ಲ. ಸ್ವಿಚ್ಚುಗಳ ಜಾಗ ವರ್ಷದಿಂದ ವರ್ಷಕ್ಕೆ ಬದಲಾಗಿದೆ. ತರಿಸುವ ಮೊದಲು ಹಳೆಯ ಹಲಗೆ ಬಿಚ್ಚಿ, ಕಾಗದದ ಮೇಲೆ ಇಟ್ಟು ಗೀಟು ಹಾಕಿಕೊಳ್ಳಿ. ಆ ಕಾಗದ ಹಿಡಿದು ಅಂಗಡಿಯವರ ಜೊತೆ ಮಾತಾಡಿ.

ಫೀನಿಕ್ಸ್_944 · ಮಾರ್ಚ್ 3

ಮೇಲಿನ ಪ್ಯಾಡಿನ ವಿಷಯ ನಾನು ಹೇಳುತ್ತೇನೆ. ಅದರಲ್ಲಿ ನನಗೆ ಡಾಕ್ಟರೇಟ್ ಕೊಡಬೇಕು. ಅರಿಜೋನಾದ ಬಿಸಿಲು, ಪೋರ್ಷೆ 944. ಈ ಕಾರಿನ ಡ್ಯಾಶ್ ಒಡೆಯುವುದು ಎಷ್ಟು ಮಾಮೂಲಿ ಅಂದರೆ, ಮಾರುವವರು ಜಾಹೀರಾತಲ್ಲಿ ಎಂಜಿನ್‌ಗಿಂತ ಮೊದಲು ಬಿರುಕಿಲ್ಲದ ಡ್ಯಾಶ್ ಅಂತ ಬರೆಯುತ್ತಾರೆ.

ವಿನೈಲ್ ಮೆತ್ತಗಿರುವುದು ಅದರೊಳಗೆ ಸೇರಿಸಿದ ಎಣ್ಣೆಯಂಥ ವಸ್ತುವಿನಿಂದ. ಬಿಸಿಲಿಗೆ ಅದು ನಿಧಾನಕ್ಕೆ ಆವಿಯಾಗುತ್ತೆ. ಗಾಜಿನ ಒಳಮೈಯಲ್ಲಿ ಮಂಜು ಮಂಜಾಗಿ ಒಂದು ಜಿಡ್ಡು ಕೂರುತ್ತಲ್ಲ, ಅದರಲ್ಲಿ ಇದೂ ಇರುತ್ತೆ. ಅದು ಹೋದ ಮೇಲೆ ಚರ್ಮ ಒಣಗಿ ಕುಗ್ಗುತ್ತೆ. ಕೆಳಗಿರುವ ಫೋಮ್ ಅಷ್ಟು ಕುಗ್ಗುವುದಿಲ್ಲ. ಹಾಗಾಗಿ ತೂತು, ಮೂಲೆ, ಸ್ಕ್ರೂ ಇರುವ ಕಡೆಯಿಂದ ಸೀಳು ಶುರು.

ದಾರಿ ಮೂರಿವೆ. ಮೇಲೆ ಮುಚ್ಚುವ ಪ್ಲಾಸ್ಟಿಕ್ ಚಿಪ್ಪು ಸಿಲಿಕೋನಿನಿಂದ ಅಂಟಿಸುವುದು. ಅಗ್ಗ, ಆದರೆ ಹತ್ತಿರದಿಂದ ನೋಡಿದರೆ ಟೋಪಿ ಹಾಕಿದ್ದು ಗೊತ್ತಾಗುತ್ತೆ. ಎರಡನೆಯದು ಸೀಳಿನ ಎರಡೂ ಅಂಚನ್ನು ಇಂಗ್ಲಿಷ್ ವಿ ಆಕಾರಕ್ಕೆ ಕೊಯ್ದು, ಬಗ್ಗುವ ಫಿಲ್ಲರ್ ತುಂಬಿ, ಉಜ್ಜಿ, ಹೊಸ ವಿನೈಲ್ ಹೊದಿಸುವುದು. ಮೂರನೆಯದು ಬರೀ ಫಿಲ್ಲರ್ ತುಂಬಿ ಬಣ್ಣ ಹೊಡೆಯುವುದು. ಅದನ್ನು ನಾನು ಮಾಡಿದೆ. ಒಂದೇ ಬೇಸಿಗೆ. ಪಕ್ಕದಲ್ಲೇ ಇನ್ನೊಂದು ಸೀಳು ಬಂತು. ಒಣಗಿದ ಚರ್ಮ ಒಣಗಿದ್ದೇ, ಒಂದು ಕಡೆ ಹೊಲಿದರೆ ಇನ್ನೊಂದು ಕಡೆ ಹರಿಯುತ್ತೆ.

ನಿಮ್ಮ ಪ್ಯಾಡ್ ಚಿಕ್ಕದು. ಬಿಚ್ಚಿ ಹೊಸ ವಿನೈಲ್ ಹೊದಿಸಿ. ಶಾಖ ತಡೆಯುವ ಅಂಟೇ ಇರಲಿ. ಮಾಮೂಲಿ ಅಂಟು ಹಾಕಿದರೆ ಒಳಬಾಗಿದ ಜಾಗದಲ್ಲಿ ವಿನೈಲ್ ಡೇರೆಯ ಹಾಗೆ ಎದ್ದು ನಿಲ್ಲುತ್ತೆ. ಹೊಳಪಿಗೆ ಅಂತ ಸಿಲಿಕೋನ್ ಸ್ಪ್ರೇ ಮಾತ್ರ ಮುಟ್ಟಬೇಡಿ. ಮುಂದೆ ಯಾವ ಅಂಟೂ, ಯಾವ ಬಣ್ಣವೂ ಅಲ್ಲಿ ಹಿಡಿಯುವುದಿಲ್ಲ.

ಹೆರಾಲ್ಡ್_ಮಾವ · ಮಾರ್ಚ್ 4

ಕವೆಂಟ್ರಿಯವರೇ, ನಾವು ದಾಯಾದಿಗಳು! ನಿಮ್ಮ ಸ್ಪಿಟ್‌ಫೈರ್ ನಿಂತಿರುವುದು ಟ್ರಯಂಫಿನದೇ ಹೆರಾಲ್ಡ್ ಕಾರಿನ ಚಾಸಿಯನ್ನು ಗಿಡ್ಡ ಮಾಡಿದ್ದರ ಮೇಲೆ. ಎರಡರ ವಿನ್ಯಾಸಕ್ಕೂ ಗೆರೆ ಎಳೆದವರು ಇಟಲಿಯ ಮಿಕೆಲೋಟಿ. ಹೆರಾಲ್ಡ್ ನಮ್ಮಲ್ಲಿ 1961ರಿಂದ ಮದ್ರಾಸಿನಲ್ಲಿ ತಯಾರಾಗುತ್ತಿತ್ತು, ಸ್ಟ್ಯಾಂಡರ್ಡ್ ಹೆರಾಲ್ಡ್ ಅಂತ. ನಾಲ್ಕು ಬಾಗಿಲಿನ ಹೆರಾಲ್ಡ್ ಇಂಡಿಯಾದಲ್ಲಿ ಮಾತ್ರ ಬಂದದ್ದು. ಆಮೇಲೆ ಗೆಜೆಲ್ ಅನ್ನುವ ಕಾರು ಬಂತು. ಮೈಸೂರಿನಲ್ಲಿ ನಮ್ಮ ಸೋದರಮಾವ ಬಾನೆಟ್ ಎತ್ತಿದರೆ ಇಡೀ ಮೂತಿ ಮುಂದಕ್ಕೆ ಬಾಗುತ್ತಿತ್ತು. ಓಣಿಯ ಹುಡುಗರೆಲ್ಲ ಓಡಿ ಬರುತ್ತಿದ್ದೆವು. ಚಕ್ರದ ಮೇಲೆ ಕೂತು ಎಂಜಿನ್ ರಿಪೇರಿ ಮಾಡಬಹುದಾದ ಕಾರು ಅದೊಂದೇ ಅನ್ನುತ್ತಿದ್ದರು.

ಈಗ ಆ ಕಾರು ನನ್ನ ಹತ್ತಿರ ಇದೆ. ಡ್ಯಾಶಿಗೆ ಯಾರೋ ಪುಣ್ಯಾತ್ಮ ಸನ್‌ಮೈಕಾ ಹೊಡೆದಿದ್ದಾನೆ. ಅಡುಗೆಮನೆ ಕಟ್ಟೆಯ ಥರದ ಹೂವಿನ ಚಿತ್ತಾರ. ಹಾಗಾಗಿ ಈ ಚರ್ಚೆ ನನಗೂ ಬೇಕು.

ಒಂದು ಐಡಿಯಾ. ವಾಲ್‌ನಟ್ ಯಾಕೆ? ನಮ್ಮ ಮೈಸೂರಿನ ಬೀಟೆ ವೆನೀರ್ ಕಳಿಸುತ್ತೇನೆ. ಗ್ಲೋವ್ ಬಾಕ್ಸ್ ಕಡೆಗೆ ಕುಸುರಿ ಕೂರಿಸಿ ಒಂದು ಆನೆ! ಬೀಟೆ ಮರದ ಕುಸುರಿಗೆ ನಮ್ಮೂರಿಗೆ ಜಿಐ ಟ್ಯಾಗ್ ಬೇರೆ ಇದೆ.

ಬೀಟೆ_ಬಡಗಿ · ಮಾರ್ಚ್ 4

ಮಾವನವರೇ, ನನ್ನ ಹೆಸರಲ್ಲೇ ಬೀಟೆ ಇದೆ, ಆದರೂ ಬೇಡ ಅನ್ನುತ್ತೇನೆ.

ಬೀಟೆಯೊಳಗೆ ಎಣ್ಣೆ ಇರುತ್ತೆ. ಅಂಟು ಹಾಕುವ ಮೊದಲು ಅಸಿಟೋನಿನಿಂದ ಒರೆಸದಿದ್ದರೆ ಸರಿಯಾಗಿ ಹಿಡಿಯುವುದಿಲ್ಲ. ಮೇಲಿನ ವಾರ್ನಿಶ್ ಕೂಡ ದಿನಗಟ್ಟಲೆ ಕೈಗೆ ಅಂಟುತ್ತಿರುತ್ತೆ. ಐಕಿಯಾ ಮೇಜಿನ ಕಾಲು ತಿರುಗಿಸಿ ಹಾಕಿದವರ ಕೈಗೆ ಮೊದಲ ಸಲಕ್ಕೇ ಇದನ್ನು ಕೊಡಬಾರದು, ಬೇಜಾರು ಮಾಡಿಕೊಳ್ಳಬೇಡಿ.

ಇನ್ನು ಕಾನೂನು. 2017ರಿಂದ ಬೀಟೆಯ ಇಡೀ ಕುಲ ಸೈಟಿಸ್ ಪಟ್ಟಿಯಲ್ಲಿದೆ. ಸೈಟಿಸ್ ಅಂದರೆ ಅಪಾಯದಲ್ಲಿರುವ ಗಿಡ, ಪ್ರಾಣಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಒಪ್ಪಂದ. 2019ರ ಕೊನೆಯಲ್ಲಿ ತಯಾರಾದ ಸಾಮಾನಿಗೆ 10 ಕೆಜಿವರೆಗೆ ಸಡಿಲ ಕೊಟ್ಟರು. ಆದರೆ ವೆನೀರ್ ಹಾಳೆ ತಯಾರಾದ ಸಾಮಾನಲ್ಲ, ಕಚ್ಚಾ ಮಾಲು. ಪರ್ಮಿಟ್ ಇಲ್ಲದೆ ಪಾರ್ಸೆಲ್ ಮಾಡಿದರೆ ಇಂಗ್ಲೆಂಡಿನ ಕಸ್ಟಮ್ಸಿನಲ್ಲಿ ಕೂರುತ್ತೆ. ಆನೆ ಸಮೇತ.

ಸಾಲದ್ದಕ್ಕೆ ಆ ಕಾರಿಗೆ ವಾಲ್‌ನಟ್ಟೇ ಒಪ್ಪುತ್ತೆ. ಇದು ನನ್ನ ಅಭಿಪ್ರಾಯ, ಜಗಳಕ್ಕೆ ಸಿದ್ಧ.

ವೈರ್_ವೆಂಕಣ್ಣ · ಮಾರ್ಚ್ 5

ಹುಬ್ಬಳ್ಳಿಯಿಂದ ನಮಸ್ಕಾರ ರೀ. ಎಲ್ಲಾರೂ ಮರದ ಬಗ್ಗೆ ಮಾತಾಡುತ್ತಿದ್ದೀರಿ. ನಾನು 20 ವರ್ಷ ಆಟೋ ಎಲೆಕ್ಟ್ರಿಷಿಯನ್, ದುಬೈನಲ್ಲಿದ್ದಾಗ ಬ್ರಿಟಿಷ್ ಗಾಡಿಗಳ ವೈರಿಂಗ್ ಬಹಳ ಮಾಡಿದ್ದೇನೆ. ಹಲಗೆ ಬದಲಿಸುವುದು ಒಂದು ದಿನದ ಕೆಲಸ. ಅದರ ಹಿಂದೆ ಇರುವುದು ಒಂದು ವಾರದ್ದು.

ಬ್ಯಾಟರಿ ಅರ್ಥ್ ತೆಗೆಯದೆ ಒಳಗೆ ಕೈ ಹಾಕಬೇಡಿ. ನಿಮ್ಮ ಗಾಡಿಯಲ್ಲಿ ಕಂದು ವೈರ್ ಬ್ಯಾಟರಿಯಿಂದ ನೇರ ಬರುತ್ತೆ, ನಡುವೆ ಫ್ಯೂಸಿಲ್ಲ. ಕೀ ತೆಗೆದಿದ್ದರೂ ಅದರಲ್ಲಿ ಕರೆಂಟ್ ಇರುತ್ತೆ. ಅದು ಮೀಟರಿನ ಬ್ರಾಕೆಟ್ಟಿಗೆ ತಾಗಿದರೆ ವೈರ್ ಕಟ್ಟೇ ಕರಗಿಹೋಗುತ್ತೆ.

ಬಣ್ಣ ನೆನಪಿಟ್ಟುಕೊಳ್ಳಿ. ಬಿಳಿ ಇಗ್ನಿಷನ್. ಹಸಿರು ಇಗ್ನಿಷನ್ ಆದ ಮೇಲೆ ಫ್ಯೂಸ್ ದಾಟಿ ಬಂದದ್ದು. ನೇರಳೆ ಫ್ಯೂಸ್ ಇದ್ದೂ ಯಾವಾಗಲೂ ಜೀವ ಇರುವುದು. ಕೆಂಪು-ಬಿಳಿ ಮೀಟರ್ ದೀಪ. ಕಪ್ಪು ಅರ್ಥ್. ತಿಳಿಹಸಿರು ಪೆಟ್ರೋಲ್ ಮತ್ತು ಟೆಂಪರೇಚರ್ ಮೀಟರಿಗೆ ಹೋಗುವುದು.

ಆದರೆ ಬಣ್ಣ ನಂಬಿ ಕೂರಬೇಡಿ. 45 ವರ್ಷಕ್ಕಿಂತ ಹಳೆಯ ಗಾಡಿ. ನಡುವೆ ಯಾರೋ ರೇಡಿಯೋ ಹಾಕಿರುತ್ತಾರೆ, ಇನ್ಯಾರೋ ಮನೆಗೆ ಬಳಸುವ ವೈರ್ ಸೇರಿಸಿರುತ್ತಾರೆ. ಪ್ರತಿ ವೈರಿಗೂ ಬಿಳಿ ಟೇಪ್ ಸುತ್ತಿ ನಂಬರ್ ಬರೆಯಿರಿ, ಬಿಚ್ಚುವ ಮೊದಲೇ ಫೋಟೋ ತೆಗೆಯಿರಿ. ಮೇಲಿನಿಂದ ಒಂದು, ಕೆಳಗಿನಿಂದ ಒಂದು. ಮೀಟರಿನ ಹಿಂದಿನಿಂದ ನೋಡಿದರೆ ಎಡ ಬಲ ಆಗುತ್ತೆ, ಇದು ಮರೆತು ಕೆಟ್ಟವರು ಬಹಳ.

ಸ್ಪೀಡೋ ಕೇಬಲಿನ ನಟ್ಟು ಕೈಯಲ್ಲೇ ತಿರುಗುತ್ತೆ, ಇಕ್ಕಳ ಬೇಡ. ಆರ್‌ಪಿಎಂ ಮೀಟರ್ ಕೇಬಲಿನದೋ ವೈರಿನದೋ ನಿಮ್ಮ ಗಾಡಿಯಲ್ಲಿ ನೋಡಿಕೊಳ್ಳಿ. ಬಲ್ಬು ಎಲ್ಲ ಹೊಸದು ಹಾಕಿ. ಎಂಟಾಣೆ ಬಲ್ಬಿಗೆ ಮತ್ತೆ ಡ್ಯಾಶ್ ಬಿಚ್ಚುವ ಹಣೆಬರಹ ಯಾರಿಗೂ ಬೇಡ.

ಕವೆಂಟ್ರಿ_ಕಾಫಿ · ಮಾರ್ಚ್ 16

ಎಲ್ಲರಿಗೂ ದೊಡ್ಡ ಥ್ಯಾಂಕ್ಸ್. ಎರಡು ವಾರಾಂತ್ಯ ಹೋಯಿತು.

ಬಡಗಿ ಸರ್, ನೀವು ಕಾರು ನೋಡದೆಯೇ ಹೇಳಿದ್ದು ನಿಜ. ಬಕೆಟ್ಟಿನಲ್ಲಿ ನೀರು ತಂದು ಗಾಜಿನ ಮೇಲೆ ಸುರಿದೆ. ಎಡ ಮೂಲೆಯ ರಬ್ಬರ್ ಕೆಳಗಿಂದ ತೊಟ್ಟು ತೊಟ್ಟಾಗಿ ನೇರ ಹಲಗೆಯ ಮೇಲಿನ ಅಂಚಿಗೆ ಇಳಿಯುತ್ತಿತ್ತು. ರಬ್ಬರ್ ಬದಲಿಸಲು ಇಲ್ಲಿನ ಒಬ್ಬ ಗಾಜಿನ ಕೆಲಸದವರಿಗೆ ಹೇಳಿದೆ. ಅವರು ಬಂದು ಮುಗಿಸಿದ ಮೇಲೆ ಮತ್ತೆ ಬಕೆಟ್ ಸುರಿದೆ. ಅವರು ನನ್ನನ್ನೇ ವಿಚಿತ್ರವಾಗಿ ನೋಡುತ್ತಿದ್ದರು. ಒಂದು ಹನಿಯೂ ಬರಲಿಲ್ಲ.

ಬಿಚ್ಚುವ ಕಥೆ. ಸ್ಟೀರಿಂಗ್ ಚಕ್ರ ತೆಗೆದೆ, ತೆಗೆಯುವ ಮೊದಲು ನಡುವಿನ ನಟ್ಟಿನ ಹತ್ತಿರ ಗೀಟು ಹಾಕಿಕೊಂಡೆ. ಆಮೇಲೆ ಕೈ ಆಡಿಸಲು ಜಾಗ ಆಯಿತು. ಸ್ಮಿತ್ಸ್ ಮೀಟರುಗಳು ಹಿಂದಿನಿಂದ ಬ್ರಾಕೆಟ್ಟು, ಚಿಕ್ಕ ನಟ್ಟಿನಲ್ಲಿ ನಿಂತಿವೆ. ಆ ನಟ್ಟು ಕೈಗೆ ಸಿಗುತ್ತೆ, ಕಣ್ಣಿಗೆ ಕಾಣುವುದಿಲ್ಲ. ಸೀಟಿನ ಮೇಲೆ ಕಾಲು, ಪೆಡಲುಗಳ ಪಕ್ಕ ತಲೆ, ಎದೆಯ ಮೇಲೆ ಟಾರ್ಚು. ನೋಡಿದ ನನ್ನ ಹೆಂಡತಿ ಆಂಬುಲೆನ್ಸ್ ಕರೆಯಲಾ ಅಂತ ಕೇಳಿದಳು.

ಹಲಗೆ ಹಿಡಿದಿದ್ದ ಸ್ಕ್ರೂಗಳಿಗೆ ಮಾಮೂಲಿ ಸ್ಟಾರ್ ಸ್ಕ್ರೂಡ್ರೈವರ್ ಹಾಕಿ ಒಂದರ ತಲೆ ಸವೆಸಿದೆ. ಇವು ಪೊಜಿಡ್ರೈವ್ ಅಂತೆ, ನೋಡಲು ಒಂದೇ ಥರ, ಹಲ್ಲು ಬೇರೆ. ಸರಿಯಾದ ಬಿಟ್ ತಂದ ಮೇಲೆ ಉಳಿದವು ಬೆಣ್ಣೆಯ ಹಾಗೆ ಬಂದವು.

ವೆಂಕಣ್ಣ, ನಿಮ್ಮ ಭವಿಷ್ಯವೂ ನಿಜ. ಹಿಂದೆ ಯಾವ ಪುಸ್ತಕದಲ್ಲೂ ಇಲ್ಲದ ಒಂದು ಹಳದಿ ವೈರ್. ಹುಡುಕುತ್ತಾ ಹೋದರೆ ಎಲ್ಲಿಗೂ ಹೋಗುವುದಿಲ್ಲ. ತುದಿಗೆ ಟೇಪ್ ಸುತ್ತಿ ಯಾರೋ ಅದರ ಪಾಡಿಗೆ ಬಿಟ್ಟಿದ್ದಾರೆ.

ಪ್ಲೈ ಗಟ್ಟಿ ಇದೆ! ಎಡ ಮೂಲೆಯಲ್ಲಿ ಎರಡು ಬೆರಳಷ್ಟು ಜಾಗ ಬಿಟ್ಟರೆ ಉಗುರು ಇಳಿಯುವುದಿಲ್ಲ. ವೆನೀರ್ ಮಾತ್ರ ಅರ್ಧಕ್ಕಿಂತ ಜಾಸ್ತಿ ಟೊಳ್ಳು. ಲ್ಯಾಕರ್ ಕೆರೆಯುವಾಗ ಅದೂ ಜೊತೆಗೇ ಬಂತು. ಹಾಗಾಗಿ ಹೊಸ ವೆನೀರ್, ಹಳೆಯ ಹಲಗೆ ಅಂತ ತೀರ್ಮಾನ. ಈಗ ಅಂಟು ಯಾವುದು?

ಅಂದಹಾಗೆ ಇದರ ಮಧ್ಯೆ ಗೇಡನ್ನಿನ ಕಾರು ಮ್ಯೂಸಿಯಮ್ಮಿಗೂ ಹೋಗಿ ಬಂದೆ. 1980ರ ಆಗಸ್ಟಿನಲ್ಲಿ ಕೆನ್ಲಿಯಿಂದ ಹೊರಬಂದ ಕೊನೆಯ ಸ್ಪಿಟ್‌ಫೈರ್ ಅಲ್ಲಿದೆ, ಹಳದಿ ಬಣ್ಣದ್ದು. ಅದರ ಡ್ಯಾಶ್ ನೋಡಿ ಹೊಳಪು ಎಷ್ಟಿರಬೇಕು ಅಂತ ತಿಳಿದುಕೊಳ್ಳೋಣ ಅಂದುಕೊಂಡಿದ್ದೆ. ನಾನು ನಿಂತ ಜಾಗದಿಂದ ಸ್ಟೀರಿಂಗ್ ಚಕ್ರ ಚೆನ್ನಾಗಿ ಕಂಡಿತು.

ಬೀಟೆ_ಬಡಗಿ · ಮಾರ್ಚ್ 16

ಒಳ್ಳೆಯ ತೀರ್ಮಾನ. ಆ ಹಲಗೆಗೆ ನಿಮ್ಮ ಕಾರಿನ ತೂತುಗಳ ಲೆಕ್ಕ ಗೊತ್ತು. ಅದಕ್ಕಿಂತ ಒಳ್ಳೆಯ ಅಳತೆ ಯಾರೂ ಕೊಡುವುದಿಲ್ಲ.

ಮೆತ್ತಗಾದ ಮೂಲೆಗೆ ಮೊದಲು ತೆಳು ಎಪಾಕ್ಸಿ ಕುಡಿಸಿ. ಅದು ಕುಡಿಯುತ್ತೆ, ಕಲ್ಲಾಗುತ್ತೆ.

ಅಂಟಿನ ವಿಷಯಕ್ಕೆ ಬರೋಣ. ಡಬ್ಬಿಯಿಂದ ಎರಡೂ ಕಡೆ ಬಳಿದು ಒಣಗಿಸಿ ಒತ್ತುವ ರಬ್ಬರ್ ಅಂಟು ಸುಲಭ, ಆದರೆ ಕಾರಿನೊಳಗೆ ಬೇಡ. ಬಿಸಿಲಿಗೆ ಮೆತ್ತಗಾಗಿ ಹಪ್ಪಳದ ಹಾಗೆ ಗುಳ್ಳೆ ಏಳುತ್ತೆ. ಫೆವಿಕಾಲ್ ಜಾತಿಯ ಬಿಳಿ ಅಂಟು ಬಳಿದು, ಒಣಗಿಸಿ, ಇಸ್ತ್ರಿ ಪೆಟ್ಟಿಗೆಯಿಂದ ಒತ್ತುವವರೂ ಇದ್ದಾರೆ. ಮನೆಯ ಬೀರುವಿಗೆ ಸರಿ. ಇಸ್ತ್ರಿಯ ಶಾಖಕ್ಕೆ ಕರಗಿ ಹಿಡಿದದ್ದು ನಾಳೆ ಗಾಜಿನ ಕೆಳಗಿನ ಬಿಸಿಲಿಗೆ ಜಾರಲೂಬಹುದು ಅಲ್ವಾ? ನಾನಾದರೆ ಪುಡಿಯಾಗಿ ಬರುವ, ನೀರಲ್ಲಿ ಕಲಸುವ ರೆಸಿನ್ ಅಂಟು ಹಾಕುತ್ತೇನೆ. ಗಟ್ಟಿಯಾದ ಮೇಲೆ ಶಾಖಕ್ಕೆ ಮತ್ತೆ ಕರಗುವುದಿಲ್ಲ.

ಅಂಟನ್ನು ಪ್ಲೈಗೆ ಮಾತ್ರ ಬಳಿಯಿರಿ. ವೆನೀರ್ ಇಡಿ, ಅದರ ಮೇಲೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ದಪ್ಪ ಹಲಗೆ. ನಡುವಿನಿಂದ ಅಂಚಿಗೆ ಕ್ಲ್ಯಾಂಪ್ ಬಿಗಿಯುತ್ತಾ ಬನ್ನಿ. ರಾತ್ರಿ ಪೂರ್ತಿ ಬಿಡಿ, ನಡುವೆ ಎತ್ತಿ ನೋಡುವ ಚಪಲ ಬೇಡ. ವೆನೀರಿನ ನಾರು ಪ್ಲೈನ ಮೇಲ್ಪದರದ ನಾರಿಗೆ ಅಡ್ಡ ಬಂದರೆ ಒಳ್ಳೆಯದು.

ಮುಖ್ಯವಾದ ಮಾತು. ಹಿಂಬದಿಗೂ ಒಂದು ಅಗ್ಗದ ವೆನೀರ್ ಅಂಟಿಸಿ. ಒಂದೇ ಕಡೆ ಅಂಟಿಸಿದರೆ ಅಂಟು ಒಣಗುತ್ತಾ ಎಳೆದು ಹಲಗೆ ದೋಣಿಯಾಗುತ್ತೆ. ಹಿಂದೆ ಕಾಣುವುದಿಲ್ಲ ಅಂತ ಬಿಟ್ಟವರ ಹಲಗೆಗಳು ನನ್ನ ಹತ್ತಿರ ರಿಪೇರಿಗೆ ಬರುತ್ತವೆ.

ತೂತುಗಳನ್ನು ಹಿಂಬದಿಯಿಂದ ಕೊರೆಯಬೇಡಿ, ಮುಂದಿನ ವೆನೀರ್ ಸಿಡಿಯುತ್ತೆ. ಮುಂಬದಿಯಿಂದ ಹೊಸ ಬ್ಲೇಡಿನಲ್ಲಿ, ಒಂದೇ ಏಟಿಗೆ ಅಲ್ಲ, ಹತ್ತು ಸಲ ಮೆಲ್ಲಗೆ.

ಲೂನಾ_ಲಕ್ಷ್ಮಿ · ಮಾರ್ಚ್ 17

ಲ್ಯಾಕರಿಗೆ ಒಂದು ಎಚ್ಚರಿಕೆ. ಎರಡು ಡಬ್ಬಿ ಕಲಸಿ ಹೊಡೆಯುವ ಪಾಲಿಯುರೆಥೇನ್ ಚೆನ್ನಾಗಿರುತ್ತೆ, ಆದರೆ ಅದರಲ್ಲಿ ಐಸೋಸಯನೇಟ್ ಇದೆ. ಮಾಮೂಲಿ ಮಾಸ್ಕ್ ಹಾಕಿ ಗ್ಯಾರೇಜಿನಲ್ಲಿ ಹೊಡೆದರೆ ಶ್ವಾಸಕೋಶಕ್ಕೆ ಕಷ್ಟ. ಹೊರಗಿನ ಗಾಳಿ ಪಂಪ್ ಮಾಡುವ ಮಾಸ್ಕ್ ಇಲ್ಲದವರು ಅದರ ತಂಟೆಗೆ ಹೋಗಬೇಡಿ. ದೋಣಿಗಳಿಗೆ ಹಚ್ಚುವ ವಾರ್ನಿಶ್ ಬ್ರಷ್ಷಿನಲ್ಲಿ ಹಚ್ಚಿ. ಬಿಸಿಲಿಗೆ ಅಂತಲೇ ಮಾಡಿದ್ದು, ಸ್ವಲ್ಪ ಬಗ್ಗುತ್ತೆ ಕೂಡ.

ಕನ್ನಡಿಯ ಹಾಗೆ ಹೊಳೆಸಬೇಡಿ. ಹುಡ್ ತೆಗೆದ ಕಾರು. ಮಧ್ಯಾಹ್ನದ ಬಿಸಿಲು ಡ್ಯಾಶಿಗೆ ಬಡಿದು ನಿಮ್ಮ ಕಣ್ಣಿಗೇ ಬರುತ್ತೆ.

ಕವೆಂಟ್ರಿ_ಕಾಫಿ · ಏಪ್ರಿಲ್ 20

ಹಲಗೆ ಮುಗಿಯಿತು, ಮರ್ಯಾದೆ ಸ್ವಲ್ಪ ಹೋಯಿತು.

ವೆನೀರ್ ಚೆನ್ನಾಗಿ ಕೂತಿದೆ. ಸರಳ ನಾರಿನ ವಾಲ್‌ನಟ್. ಗಂಟು ಗಂಟಿನ ಬರ್ ವಾಲ್‌ನಟ್ ಆಸೆ ಆಗಿತ್ತು, ತುಂಡು ಇಟ್ಟು ನೋಡಿದರೆ ಚಿಕ್ಕ ಕಾರಿಗೆ ಜಾಗ್ವಾರಿನ ಕೋಟು ತೊಡಿಸಿದ ಹಾಗೆ ಕಂಡಿತು. ವಾರ್ನಿಶ್ ಏಳು ಕೋಟ್. ಪ್ರತಿ ಎರಡು ಕೋಟಿಗೆ 400ರ ಪೇಪರಿನಲ್ಲಿ ನೀರು ಹಾಕಿ ಉಜ್ಜಿದೆ. ಕೊನೆಯದು ಅರೆಹೊಳಪಿನದು. ಲಕ್ಷ್ಮಿಯವರ ಮಾತು ಕೇಳಿದ್ದು ಒಳ್ಳೆಯದಾಯಿತು.

ಆಮೇಲೆ ಮೀಟರ್ ಕೂರಿಸಲು ಹೋದರೆ ಒಂದೂ ಒಳಗೆ ಹೋಗಲಿಲ್ಲ! ತಲೆ ಕೆರೆದುಕೊಂಡೆ. ತೂತಿನ ಒಳಗೋಡೆಗೂ ನೀರು ಹೀರದಿರಲಿ ಅಂತ ಏಳು ಕೋಟ್ ಹಚ್ಚಿದ್ದೆ. ಸುತ್ತಲೂ ವಾರ್ನಿಶ್ ಕೂತು ತೂತೇ ಕಿರಿದಾಗಿದೆ. ಒಂದು ಕೊಳವೆಗೆ ಸ್ಯಾಂಡ್ ಪೇಪರ್ ಸುತ್ತಿ ಒಂದೊಂದೇ ತೂತು ಉಜ್ಜಿದೆ. ಎರಡು ಸಂಜೆ. ಆಮೇಲೆ ಅಂಚಿಗೆ ಒಂದೇ ತೆಳು ಕೋಟ್.

ಮೇಲಿನ ಪ್ಯಾಡಿಗೆ ಹೊಸ ವಿನೈಲ್ ಹೊದಿಸಿದೆ. ಒಂದು ಮೂಲೆಯಲ್ಲಿ ಸುಕ್ಕಿದೆ. ಅಲ್ಲಿ ಫೋನ್ ಸ್ಟ್ಯಾಂಡ್ ಇಡುತ್ತೇನೆ.

ಎಲ್ಲ ಜೋಡಿಸಿ ಬ್ಯಾಟರಿ ಹಾಕಿ ಕೀ ತಿರುಗಿಸಿದೆ. ದೀಪ ಬಂದವು, ಎಂಜಿನ್ ಬಂತು. ಸಂಭ್ರಮ ಎರಡು ನಿಮಿಷ. ಹೆಚ್ಚುಕಮ್ಮಿ ಖಾಲಿ ಟ್ಯಾಂಕ್, ಆದರೆ ಪೆಟ್ರೋಲ್ ಮುಳ್ಳು ಖಾಲಿ ಗೀಟಿಗಿಂತ ಮೇಲೆ. ಟೆಂಪರೇಚರ್ ಮುಳ್ಳೂ ಕೆಂಪಿನ ಕಡೆ ಹೋಗುತ್ತಿದೆ. ರೇಡಿಯೇಟರ್ ಮುಟ್ಟಿದರೆ ಉಗುರುಬೆಚ್ಚಗೆ. ವೆಂಕಣ್ಣ, ಕಾಪಾಡಿ.

ವೈರ್_ವೆಂಕಣ್ಣ · ಏಪ್ರಿಲ್ 20

ನಗು ಬಂತು, ಕ್ಷಮಿಸಿ. ಎರಡೂ ಮುಳ್ಳು ಒಟ್ಟಿಗೆ ಮೇಲೆ ಹೋದರೆ ಮೀಟರ್ ಕೆಟ್ಟಿಲ್ಲ. ಎರಡಕ್ಕೂ ಕರೆಂಟ್ ಕೊಡುವ ಸ್ಟೆಬಿಲೈಸರ್ ನೋಡಿ. ಬೆಂಕಿಪೊಟ್ಟಣಕ್ಕಿಂತ ಚಿಕ್ಕ ಲೋಹದ ಡಬ್ಬಿ, ಮೀಟರಿನ ಹಿಂದೆ ಎಲ್ಲೋ ಇರುತ್ತೆ. ಹಸಿರು ವೈರ್ ಒಳಗೆ, ತಿಳಿಹಸಿರು ಹೊರಗೆ.

ಅದರೊಳಗೆ ಎರಡು ಲೋಹದ ಒಂದು ಪಟ್ಟಿ, ಸುತ್ತ ಸಣ್ಣ ಕಾಯಿಲ್. ಕರೆಂಟಿಗೆ ಕಾಯಿಲ್ ಬಿಸಿಯಾಗಿ ಪಟ್ಟಿ ಬಾಗುತ್ತೆ, ಸಂಪರ್ಕ ಕಡಿಯುತ್ತೆ. ತಣ್ಣಗಾದರೆ ಮತ್ತೆ ಸೇರುತ್ತೆ. ಹೀಗೆ ಕಣ್ಣು ಮಿಟುಕಿಸುತ್ತಾ ಸರಾಸರಿ 10 ವೋಲ್ಟ್ ಕೊಡುತ್ತೆ. ಮುಳ್ಳು ನಿಧಾನ ಆಗಿರುವುದರಿಂದ ಆ ಮಿಟುಕು ನಮಗೆ ಕಾಣುವುದಿಲ್ಲ. ಈಗ ಆ ಡಬ್ಬಿಗೆ ಅರ್ಥ್ ಇಲ್ಲ ಅಂದುಕೊಳ್ಳಿ. ಕಾಯಿಲ್ ಬಿಸಿಯಾಗುವುದೇ ಇಲ್ಲ, ಪಟ್ಟಿ ಬಾಗುವುದೇ ಇಲ್ಲ. ಪೂರ್ತಿ 12 ವೋಲ್ಟ್, ಎಂಜಿನ್ ಓಡುತ್ತಿದ್ದರೆ ಇನ್ನೂ ಜಾಸ್ತಿ, ನೇರ ಮೀಟರಿಗೆ.

ಲಕ್ಷ್ಮಿಯವರ ಲೋಹದ ಡ್ಯಾಶಿಗೆ ಸ್ಕ್ರೂ ಬಿಗಿದರೇ ಅರ್ಥ್ ಆಯಿತು. ನಿಮ್ಮದು ಮರ, ಮರದಲ್ಲಿ ಕರೆಂಟ್ ಹರಿಯುವುದಿಲ್ಲ. ಒಂದೊಂದು ಕಪ್ಪು ವೈರಿಗೂ ಅಲ್ಲಿ ಕೆಲಸ ಇದೆ. ಅದರ ಮೇಲೆ ನೀವು ಏಳು ಕೋಟ್ ವಾರ್ನಿಶ್ ಬೇರೆ ಹಚ್ಚಿದ್ದೀರಿ. ಯಾವುದೋ ಒಂದು ಕಪ್ಪು ವೈರ್ ಹಾಕುವುದು ಬಿಟ್ಟಿದ್ದೀರಿ, ಇಲ್ಲ ಅದರ ತುದಿ ವಾರ್ನಿಶ್ ಮೇಲೆ ಕೂತಿದೆ. ಮಲ್ಟಿಮೀಟರಿನ ಒಂದು ಕಡ್ಡಿ ಡಬ್ಬಿಯ ಮೈಗೆ, ಇನ್ನೊಂದು ಬ್ಯಾಟರಿಯ ನೆಗೆಟಿವಿಗೆ ಇಟ್ಟು ನೋಡಿ. ಅಲ್ಲಿಯವರೆಗೆ ಗಾಡಿ ಓಡಿಸಬೇಡಿ, ಮೀಟರಿನ ಕಾಯಿಲ್ ಸುಟ್ಟರೆ ಆಮೇಲೆ ನನಗೆ ಹೇಳಬೇಡಿ.

ಕವೆಂಟ್ರಿ_ಕಾಫಿ · ಏಪ್ರಿಲ್ 21

ಸಿಕ್ಕಿತು! ಕಪ್ಪು ವೈರ್, ನಾನೇ ಬಿಳಿ ಟೇಪ್ ಸುತ್ತಿ 14 ಅಂತ ಬರೆದದ್ದು. ಹೀಟರ್ ಪೈಪಿನ ಹಿಂದೆ ನೇತಾಡುತ್ತಿತ್ತು. 13 ಹಾಕಿದ್ದೇನೆ, 15 ಹಾಕಿದ್ದೇನೆ. 14 ಹಾಕುವಾಗ ಊಟಕ್ಕೆ ಕರೆದರು, ಎದ್ದು ಹೋದೆ. ಈಗ ಹಾಕಿದ ಕೂಡಲೇ ಪೆಟ್ರೋಲ್ ಮುಳ್ಳು ಮೆಲ್ಲಗೆ ಕೆಳಗಿಳಿದು ಖಾಲಿ ಅಂತ ತೋರಿಸಿತು. ಖಾಲಿ ಟ್ಯಾಂಕ್ ನೋಡಿ ಇಷ್ಟು ಖುಷಿಪಟ್ಟವನು ಕವೆಂಟ್ರಿಯಲ್ಲಿ ನಾನೊಬ್ಬನೇ ಇರಬೇಕು.

ವೈರ್_ವೆಂಕಣ್ಣ · ಏಪ್ರಿಲ್ 21

ಊಟ ಮುಖ್ಯ ರೀ. ನಂಬರ್ ಹಾಕಿದ್ದಕ್ಕೇ ಸಿಕ್ಕಿದ್ದು.

ಫೀನಿಕ್ಸ್_944 · ಏಪ್ರಿಲ್ 22

ಆ ಹಳದಿ ವೈರ್ ಏನಾಯಿತು?

ಕವೆಂಟ್ರಿ_ಕಾಫಿ · ಏಪ್ರಿಲ್ 22

ಅಲ್ಲೇ ಇದೆ. ಹೊಸ ಟೇಪ್ ಸುತ್ತಿದ್ದೇನೆ.

ಹೆರಾಲ್ಡ್_ಮಾವ · ಏಪ್ರಿಲ್ 23

ಫೋಟೋ ನೋಡಿ ಹೊಟ್ಟೆಕಿಚ್ಚಾಯಿತು. ಸನ್‌ಮೈಕಾ ಕೀಳಲು ನಿನ್ನೆ ಶುರು ಮಾಡಿದೆ. ಕೆಳಗೆ ಇನ್ನೊಂದು ಸನ್‌ಮೈಕಾ ಇದೆ! ಹಲಗೆಯ ಗೀಟು ಹಾಕಿಕೊಂಡ ನಿಮ್ಮ ಕಾಗದದ ನಕಲು ಇದ್ದರೆ ಕಳಿಸುತ್ತೀರಾ?

ಕವೆಂಟ್ರಿ_ಕಾಫಿ · ಏಪ್ರಿಲ್ 23

ಖಂಡಿತ ಕಳಿಸುತ್ತೇನೆ ಸರ್, ಆದರೆ ಅದು ನಿಮ್ಮ ಹೆರಾಲ್ಡಿಗೆ ಹೊಂದುವುದಿಲ್ಲ. ಚಾಸಿ ಒಂದೇ ಮನೆತನ, ಡ್ಯಾಶ್ ಬೇರೆ. ನಿಮ್ಮ ಹಲಗೆ ಬಿಚ್ಚಿದ ದಿನವೇ ಕಾಗದದ ಮೇಲೆ ಗೀಟು ಹಾಕಿಟ್ಟುಕೊಳ್ಳಿ, ಎರಡೂ ಸನ್‌ಮೈಕಾ ಕಿತ್ತ ಮೇಲೆ. ಡಿಸೆಂಬರಿನಲ್ಲಿ ಮೈಸೂರಿಗೆ ಬರುತ್ತೇನೆ. ಉಳಿದ ವಾಲ್‌ನಟ್ ವೆನೀರ್ ಒಂದು ಸುರುಳಿ ಇದೆ, ತರುತ್ತೇನೆ. ಅದಕ್ಕೆ ಪರ್ಮಿಟ್ ಏನಾದರೂ ಬೇಕಾ ಅಂತ ಬಡಗಿ ಸರ್ ಹೇಳಬೇಕು.

ಬೀಟೆ_ಬಡಗಿ · ಏಪ್ರಿಲ್ 23

ಅದು ಸೈಟಿಸ್ ಪಟ್ಟಿಯಲ್ಲಿರುವ ಮರ ಅಲ್ಲ. ಮರ ತಾನೇ, ಇಲ್ಲಿನ ಕಸ್ಟಮ್ಸ್ ಏನು ಕೇಳುತ್ತೆ ಅಂತ ಹೊರಡುವ ಮೊದಲೇ ವಿಚಾರಿಸಿಕೊಳ್ಳಿ. ಸುರುಳಿಯನ್ನು ಜಾಸ್ತಿ ಬಿಗಿಯಾಗಿ ಸುತ್ತಬೇಡಿ, ನಾರಿನ ಉದ್ದಕ್ಕೆ ಸೀಳುತ್ತೆ. ಮೈಸೂರಿಗೆ ಬಂದಾಗ ಸಾಗರಕ್ಕೂ ಬನ್ನಿ. ಆ ಮೇಜಿನ ಕಾಲಿನ ಬಗ್ಗೆ ಸ್ವಲ್ಪ ಮಾತಾಡಬೇಕು.